ಅಡ್ಡ ಮಲಗಿ ಪಾಲು ಗಿಟ್ಟಿಸುವ ಪರಜೀವಿ

ಹುಮನಾಬಾದ್ ಸೀಮೆಯ ಕೊಡಂಬಲದಿಂದ ಹೈನುಗಾರಿಕೆ ಮಾಡುವ ಓದುಗರೊಬ್ಬರು ಕೇಳಿದ್ದಾರೆ. ಅವರ ಮಿಶ್ರತಳಿ ಹಸುವಿಗೆ 105 ಡಿಗ್ರಿ ಜ್ವರ, ಭುಜದ ಮುಂದಿನ ಗಂಟು ಊದಿತ್ತು, ಹಾಲು ಇಳಿದಿತ್ತು. ಪಶುವೈದ್ಯರು ಥೈಲೇರಿಯಾ ಎಂದರಂತೆ. “ಬಿಳಿ ರಕ್ತಕಣದಾಗ ಹುಳ ಹೊಕ್ಕಾದ ಅಂದ್ರು. ಅದಕ್ಕ ಹಲ್ಲಿಲ್ಲ, ಕಾಲಿಲ್ಲ. ಹ್ಯಾಂಗ ಹೊಕ್ತದರಿ?”

ಹುಳ ಅನ್ನುವುದು ವಾಡಿಕೆಯ ಮಾತು. ಇದು ಒಂದೇ ಕೋಶದ ಜೀವಿ, ಉಣ್ಣಿ ಕಚ್ಚಿದಾಗ ಅದರ ಜೊಲ್ಲಿನ ಜತೆ ದನದ ಮೈ ಸೇರುತ್ತದೆ. ಬೀದರ್ ಕಡೆಯ ದೇವಣಿಯಂಥ ನಾಟಿ ತಳಿಗಳು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಎಚ್.ಎಫ್., ಜರ್ಸಿ ರಕ್ತ ಬೆರೆತವು ನೆಲ ಹಿಡಿಯುತ್ತವೆ. ಆದರೆ ಪ್ರಶ್ನೆ ಇರುವುದು ‘ಹ್ಯಾಂಗ’ ಎಂಬುದರಲ್ಲಿ. ಅದಕ್ಕೆ ಎಲ್ಲರೂ ಕೊಡುವ ಉತ್ತರ ಥೈಲೇರಿಯಾದ್ದಲ್ಲ, ಅದರ ದಾಯಾದಿಯಾದ ಮಲೇರಿಯಾದ್ದು.

1897ರ ಆಗಸ್ಟ್ 20ರಂದು ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಂಡದ್ದು ಈ ಮಲೇರಿಯಾ ಜೀವಿಯನ್ನು. ಕೆಂಪು ರಕ್ತಕಣಕ್ಕೆ ಏನನ್ನೂ ನುಂಗುವ ಶಕ್ತಿಯಿಲ್ಲ. ಹಾಗಾಗಿ ಈ ಜೀವಿ ತಾನೇ ಬಲ ಹಾಕಿ ನುಗ್ಗಬೇಕು. ತನ್ನ ಹೊರಪೊರೆಯ ಅಡಿಯಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಗಿಡ್ಡ ಎಳೆಗಳನ್ನು ಕಟ್ಟಿಕೊಳ್ಳುತ್ತದೆ. ಮಯೋಸಿನ್ ಎಂಬ ಮತ್ತೊಂದು ಪ್ರೋಟೀನು ಆ ಎಳೆಗಳನ್ನು ಹಿಂದಕ್ಕೆ ಜಗ್ಗಿದಾಗ ಜೀವಿ ಮುಂದಕ್ಕೆ ಜಾರುತ್ತದೆ. ನಮ್ಮ ತೋಳಿನ ಸ್ನಾಯು ಸೆಡೆಯುವುದೂ ಇದೇ ಜೋಡಿಯಿಂದ. ಆಕ್ಟಿನ್ ಕಟ್ಟಿಕೊಳ್ಳದಂತೆ ತಡೆಯುವ ಸೈಟೋಕಲೇಸಿನ್ ಎಂಬ ರಾಸಾಯನಿಕ ಹಾಕಿದರೆ ಮಲೇರಿಯಾ ಜೀವಿ ಕಣಕ್ಕೆ ಅಂಟಿಕೊಳ್ಳುತ್ತದೆ, ಒಳಗೆ ಹೋಗಲಾರದು. ಇದು 1970ರ ದಶಕದಲ್ಲೇ ಗೊತ್ತಾಗಿತ್ತು. ಬರೆಯುವವರಿಗೂ ಬೋಧಿಸುವವರಿಗೂ ಈ ಕತೆ ಬಹಳ ಇಷ್ಟ, ಅದರಲ್ಲಿ ಶೌರ್ಯವಿದೆ. ಹೀಗಾಗಿ ಪರಜೀವಿ ಎಂದರೆ ಕೊರೆದು ನುಗ್ಗುವಂಥದ್ದೇ ಎಂಬ ಚಿತ್ರ ಕೂತುಬಿಟ್ಟಿದೆ.

ಥೈಲೇರಿಯಾ ನುಗ್ಗುವುದೇ ಇಲ್ಲ. ಉಣ್ಣಿಯಿಂದ ಬರುವ ಅದರ ರೂಪಕ್ಕೆ ಸರಿದಾಡುವ ಶಕ್ತಿಯೂ ಇಲ್ಲ. ನೈರೋಬಿಯ ಪ್ರಾಣಿರೋಗ ಸಂಶೋಧನಾಲಯದಲ್ಲಿ ಡಾನ್ ಫಾಸೆಟ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಇದನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹಂತಹಂತವಾಗಿ ನೋಡಿದರು. ಅವರ ಮುಂದಿದ್ದದ್ದು ಆಫ್ರಿಕಾದ ಥೈಲೇರಿಯಾ ಪಾರ್ವಾ. ನಮ್ಮಲ್ಲಿರುವುದು ಅದರ ಹತ್ತಿರದ ಬಂಧು ಥೈಲೇರಿಯಾ ಆನ್ಯುಲೇಟಾ. ಮಲೇರಿಯಾ ಜೀವಿ ತಲೆಯ ಕಡೆಯಿಂದಲೇ ಒಳಹೋಗಬೇಕು. ಥೈಲೇರಿಯಾ ಯಾವ ಮಗ್ಗುಲಲ್ಲಿ ತಾಗಿದರೂ ಸರಿ, ಬಿಳಿಕಣದ ಪೊರೆ ಅದರ ಮೈಗೆ ಬಿಗಿಯಾಗಿ ಅಂಟುತ್ತ ಸುತ್ತುವರಿದು ಒಳಗೆ ಇಳಿಸಿಕೊಳ್ಳುತ್ತದೆ. ಒಳಗೆ ಹೋದದ್ದೇ ತಡ, ಸುತ್ತಿದ ಆ ಪೊರೆಯನ್ನು ನಿಮಿಷಗಳಲ್ಲಿ ಕರಗಿಸಿ ಕೋಶದ್ರವದಲ್ಲಿ ಬೆತ್ತಲೆ ನಿಲ್ಲುತ್ತದೆ. ಮಲೇರಿಯಾ ಜೀವಿ ತನ್ನ ಸುತ್ತ ಒಂದು ಪೊರೆಚೀಲ ಉಳಿಸಿಕೊಂಡು ಬದುಕುತ್ತದೆ. ಥೈಲೇರಿಯಾಕ್ಕೆ ಆ ಮರೆಯೇ ಬೇಡ.

ಏಕೆ ಬೇಡ? ಬಿಳಿಕಣದೊಳಗೆ ಟ್ಯೂಬ್ಯುಲಿನ್ ಪ್ರೋಟೀನಿನಿಂದಾದ ಸೂಕ್ಷ್ಮನಳಿಕೆಗಳಿವೆ. ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಬದಿಗೆ ಎಳೆದು ಹಂಚುವುದು ಇವೇ. ಪೊರೆ ಕರಗಿಸಿದ ಥೈಲೇರಿಯಾ ಮೊದಲು ಮಾಡುವ ಕೆಲಸವೆಂದರೆ ಈ ನಳಿಕೆಗಳನ್ನು ತನ್ನ ಮೈಗೇ ಅಂಟಿಸಿಕೊಳ್ಳುವುದು. ನಡುವೆ ಚೀಲವಿದ್ದಿದ್ದರೆ ಇದು ಸಾಧ್ಯವಿರಲಿಲ್ಲ.

ಅಣ್ಣತಮ್ಮಂದಿರು ಬೇರೆಯಾಗಿ ಹಿರಿಯರ ಮನೆ ಹಿಸ್ಸೆಯಾಗುವುದನ್ನು ನೋಡಿದ್ದೀರಿ. ಪಂಚರು ಬಂದು ಹಗ್ಗ ಹಿಡಿದು ಪಡಸಾಲೆಯ ನಡುವೆ ಗೆರೆ ಎಳೆಯುತ್ತಾರೆ, ಅಲ್ಲಿ ಗೋಡೆ ಏಳುತ್ತದೆ. ಆ ಮನೆಯಲ್ಲಿ ಹೊರಗಿನವನೊಬ್ಬ ಬಿಟ್ಟಿ ಉಳಿದುಕೊಂಡಿದ್ದಾನೆ ಎನ್ನಿ. ಮೂಲೆಯಲ್ಲಿ ಕೂತರೆ ಅವನು ಒಬ್ಬನ ಪಾಲಿಗೆ ಹೋಗುತ್ತಾನೆ, ಇನ್ನೊಂದು ಮನೆ ಕೈಬಿಡುತ್ತದೆ. ಅವನು ಜಾಣ. ಪಂಚರು ಬರುವ ಹೊತ್ತಿಗೆ ಸರಿಯಾಗಿ ಪಡಸಾಲೆಯ ನಡುವೆ ಅಡ್ಡ ಮಲಗುತ್ತಾನೆ, ಪಂಚರ ಹಗ್ಗವನ್ನೇ ಸೊಂಟಕ್ಕೆ ಸುತ್ತಿಕೊಳ್ಳುತ್ತಾನೆ. ಗೋಡೆ ಅವನ ಮೇಲೆಯೇ ಏಳುತ್ತದೆ. ಮನುಷ್ಯನಾದರೆ ಸಾಯುತ್ತಿದ್ದ. ಥೈಲೇರಿಯಾ ಆ ಹೊತ್ತಿಗೆ ಹಲವು ಕೋಶಕೇಂದ್ರಗಳಿರುವ ಉದ್ದನೆಯ ಮುದ್ದೆಯಾಗಿ ಬೆಳೆದಿರುತ್ತದೆ. ತುಂಡಾದರೆ ಎರಡು ಥೈಲೇರಿಯಾ, ಎರಡೂ ಮನೆಯಲ್ಲಿ ಒಂದೊಂದು. ಗೋಡೆಯ ಖರ್ಚು, ಹಗ್ಗ, ಪಂಚರ ಊಟ ಎಲ್ಲ ಮನೆಯವರದ್ದೇ.

ಆತಿಥೇಯ ಕೋಶದ ಜತೆಯಲ್ಲೇ ಇದು ಹೀಗೆ ಇಬ್ಭಾಗವಾಗುವುದನ್ನು 1964ರಲ್ಲೇ ಗುರುತಿಸಿದ್ದರು. ಹಗ್ಗ ಸುತ್ತಿಕೊಳ್ಳುವುದು ಹೇಗೆಂದು ತಿಳಿಯಲು ಇನ್ನೂ ನಾಲ್ಕೂವರೆ ದಶಕ ಬೇಕಾಯಿತು. 2010ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನ ತಂಡವೊಂದು ತೋರಿಸಿದ ಪ್ರಕಾರ, ಕೋಶ ವಿಭಜನೆಯ ಉಸ್ತುವಾರಿ ನೋಡುವ ಪಿಎಲ್‌ಕೆ-1 ಎಂಬ ದನದ ಕಿಣ್ವವನ್ನೇ ಪರಜೀವಿ ತನ್ನ ಮೈಮೇಲೆ ಕರೆಸಿಕೊಳ್ಳುತ್ತದೆ. ಕೋಶಕ್ಕೆ ಸದಾ ವಿಭಜಿಸುತ್ತಲೇ ಇರು ಎಂದು ಆಜ್ಞೆ ಕೊಡುವುದೂ ಈ ಪರಜೀವಿಯೇ. ಕೊಡಂಬಲದ ಹಸುವಿನ ಭುಜದ ಗಂಟು ಊದಿದ್ದು ಅದಕ್ಕೆ: ಅದು ದುಗ್ಧಗ್ರಂಥಿ, ಅಲ್ಲಿ ಬಿಳಿಕಣಗಳು ಮಿತಿಯಿಲ್ಲದೆ ಹೆಚ್ಚುತ್ತಿದ್ದವು.

ಮಿತಿಯಿಲ್ಲದ ವಿಭಜನೆ ಎಂದಕೂಡಲೇ ‘ಕ್ಯಾನ್ಸರ್ ಗುಟ್ಟು ಬಯಲು’ ಎಂಬ ತಲೆಬರಹಗಳು ಬರುತ್ತವೆ. ಹೋಲಿಕೆ ಸುಳ್ಳಲ್ಲ. ಆದರೆ ಬ್ಯುಪಾರ್ವಕ್ವೋನ್ ಸೂಜಿ ಕೊಟ್ಟು ಪರಜೀವಿಯನ್ನು ಕೊಂದರೆ ಬಿಳಿಕಣ ತನ್ನ ಹುಚ್ಚು ವಿಭಜನೆ ನಿಲ್ಲಿಸುತ್ತದೆ. ಕ್ಯಾನ್ಸರ್ ಕೋಶದ ಜಾತಕವೇ ಕೆಟ್ಟಿರುತ್ತದೆ. ಅಲ್ಲಿ ಹೊರಗೆ ಹಾಕಲು ಬೇರೆಯವರು ಯಾರೂ ಇರುವುದಿಲ್ಲ. ಹಾಗಾಗಿ ಆ ತಲೆಬರಹಗಳನ್ನು ನಾನು ನಂಬುವುದಿಲ್ಲ.

ಈ ಅಡ್ಡ ಮಲಗುವ ಚಾಳಿಯಿಂದ ನಮಗೆ ಆಗಿರುವ ನಿಜವಾದ ಲಾಭ ಲಸಿಕೆ. ಕೋಶದ ಜತೆಗೇ ಹಂಚಿಹೋಗುವುದರಿಂದ ಸೋಂಕಿದ ಬಿಳಿಕಣಗಳನ್ನು ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸಬಹುದು. ಪೀಳಿಗೆ ಪೀಳಿಗೆಗೆ ರೋಗ ತರುವ ಕಸುವು ಕುಗ್ಗುತ್ತದೆ. ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ತಯಾರಿಸುವ ರಕ್ಷಾವ್ಯಾಕ್-ಟಿ ಅಂಥ ಜೀವಂತ ಕೋಶಗಳ ಲಸಿಕೆ. ಜೀವಂತವಾದ್ದರಿಂದ ದ್ರವ ಸಾರಜನಕದಲ್ಲೇ ಇಡಬೇಕು. ಹಳ್ಳಿಗಳಿಗೆ ಅದನ್ನು ಮುಟ್ಟಿಸುವುದು ಸುಲಭವಲ್ಲ.

ಓದುಗರು ಕೇಳದ ಇನ್ನೊಂದು ಮಾತನ್ನೂ ಹೇಳಬೇಕು. ಉಣ್ಣಿ ಕಚ್ಚಿದ ಕೂಡಲೇ ರೋಗ ಹತ್ತುವುದಿಲ್ಲ. ಅದು ರಕ್ತ ಹೀರತೊಡಗಿ ಎರಡು ಮೂರು ದಿನವಾದ ಮೇಲೆಯೇ ಅದರ ಜೊಲ್ಲುಗ್ರಂಥಿಯಲ್ಲಿ ಪರಜೀವಿ ಬಲಿಯುತ್ತದೆ. ದಿನಾ ಕೆಚ್ಚಲು, ಕಿವಿ, ಬಾಲದ ಬುಡ ನೋಡಿ ಕಿತ್ತರೆ ಅಷ್ಟು ಹೊತ್ತು ಅದಕ್ಕೆ ಸಿಗದು. ಉಣ್ಣಿಯ ಮೊಟ್ಟೆಗೆ ಸೋಂಕು ದಾಟುವುದಿಲ್ಲ. ಮರಿಯಾಗಿದ್ದಾಗ ರೋಗದ ದನದ ರಕ್ತ ಕುಡಿದದ್ದು ಮುಂದಿನ ಹಂತದಲ್ಲಿ ಇನ್ನೊಂದು ದನಕ್ಕೆ ದಾಟಿಸುತ್ತದೆ. ನಡುವಿನ ದಿನಗಳನ್ನು ಅದು ಕಳೆಯುವುದು ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲಿ. ಔಷಧಿಯನ್ನು ದನದ ಮೈಗೆ ಹಾಕಿ ಗೋಡೆ ಬಿಟ್ಟರೆ ಅರ್ಧ ಕೆಲಸವಷ್ಟೇ ಆದಂತೆ.