ಹಳೇ ಸೋಲಾರ್ ಕೊಳ್ಳುವವರು ನಂಬಿಕೊಂಡಿರುವ ಎಂಟು ಮಾತು

ಗುಬ್ಬಿ ಕಡೆಯ ತೋಟದ ಮನೆಗಳಲ್ಲಿ ಬಿಸಿನೀರಿಗೆ ಯಾರೂ ದುಡ್ಡು ಕೊಟ್ಟವರಲ್ಲ. ಒಣ ಗರಿ, ಮಟ್ಟೆ, ಕರಟ ಬಚ್ಚಲ ಒಲೆಗೆ ತುರುಕಿದರೆ ಹಂಡೆ ನೀರು ತಾನಾಗಿ ಕಾಯುತ್ತಿತ್ತು. ತಾರಸಿ ಮನೆ ಬಂದ ಮೇಲೆ ಹಂಡೆ ಮೂಲೆ ಸೇರಿ ಸೋಲಾರ್ ಮೇಲೇರಿತು. ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವೆಂದು ರಾಜ್ಯ ಸರ್ಕಾರ 2007ರಲ್ಲೇ ಆದೇಶ ಮಾಡಿತ್ತು. ಅಂದು ಕೂಡಿಸಿದ ಎಷ್ಟೋ ಯೂನಿಟ್‌ಗಳು ಈಗ ಕೆಳಗಿಳಿಯುವ ಕಾಲ. ಬೆಂಗಳೂರಿನಲ್ಲಿ ಕೆಡವಿದ ಮನೆಯದ್ದೋ, ಊರಲ್ಲೇ ಮನೆ ಬದಲಿಸಿದವರು ಬಿಟ್ಟದ್ದೋ ತುಮಕೂರು, ಕುಣಿಗಲ್‌ನ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬರುತ್ತದೆ. ಬಾಡಿಗೆ ಮನೆ ಕಟ್ಟಿಸುವವರು, ಹೊಸದಕ್ಕೆ ಕೈ ಸಾಲದವರು ಅದನ್ನು ಕೊಳ್ಳುತ್ತಾರೆ. ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಅದರ ವಾರಂಟಿ, ವಾಪಸಾತಿ ಬಗ್ಗೆ ಅಂಗಡಿಯ ಎರಡೂ ಕಡೆ ನಿಂತವರು ನಂಬಿಕೊಂಡಿರುವ ಕೆಲವು ಮಾತುಗಳು ನಿಜವಲ್ಲ.

1. ತಪ್ಪು ಕಲ್ಪನೆ: "ಸೆಕೆಂಡ್ ಹ್ಯಾಂಡ್ ಅಂದ್ಮೇಲೆ ಕಾನೂನು ಕೇಳಂಗಿಲ್ಲ."

ವಾಸ್ತವ: 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ರಕ್ಷಣಾ ಕಾಯ್ದೆ, 2019, ಹೊಸ ಮಾಲು ಕೊಂಡವರನ್ನು ಮಾತ್ರ ಗ್ರಾಹಕರು ಎನ್ನುವುದಿಲ್ಲ. ಹಣ ಕೊಟ್ಟು ಸ್ವಂತಕ್ಕೆ ಕೊಂಡವರೆಲ್ಲ ಗ್ರಾಹಕರೇ. ಹಳೆಯ ಅಥವಾ ರಿಪೇರಿ ಮಾಡಿದ ಮಾಲನ್ನು ಹೊಸದೆಂದು ಮಾರುವುದನ್ನು ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಬಿಡಿಸಿ ಹೇಳಿದೆ. ಟ್ಯಾಂಕಿಗೆ ಬಣ್ಣ ಬಳಿದು, ಹೊಸ ಸ್ಟಿಕ್ಕರ್ ಅಂಟಿಸಿ "ಶೋರೂಂ ಪೀಸು" ಎನ್ನುವುದು ಇದರಡಿ ಬರುತ್ತದೆ. ಇನ್ನೂ ಮುಖ್ಯವಾದ ಮಾತೊಂದಿದೆ. ಕಾಯ್ದೆಯ ಲೆಕ್ಕದಲ್ಲಿ ದೋಷ ಎಂದರೆ ಕಾನೂನು ಬಯಸುವ, ಒಪ್ಪಂದದಲ್ಲಿರುವ ಅಥವಾ ವ್ಯಾಪಾರಿಯೇ ಹೇಳಿಕೊಂಡ ಗುಣಮಟ್ಟದಲ್ಲಿ ಕೊರತೆ. ಅಂದರೆ "ಟ್ಯಾಂಕ್ ಸೋರಲ್ಲ, ನಾನ್ ಹೇಳ್ತೀನಲ್ಲ" ಎಂದು ಅಂಗಡಿಯವರು ಹೇಳಿದ್ದೇ ಮುಂದೆ ಅಳತೆಗೋಲಾಗುತ್ತದೆ.

ಎರಡು ಮಿತಿ ಗೊತ್ತಿರಲಿ. ಹೆದ್ದಾರಿ ಪಕ್ಕದ ಲಾಡ್ಜಿಗೆಂದು ಹತ್ತು ಯೂನಿಟ್ ಕೊಂಡರೆ ಅದು ವಾಣಿಜ್ಯ ಉದ್ದೇಶ. ಗ್ರಾಹಕ ಎನಿಸಿಕೊಳ್ಳುವುದು ಕಷ್ಟ. ಪಕ್ಕದ ಬೀದಿಯವರು ತಮ್ಮ ಮನೆಯದೊಂದನ್ನು ಇಳಿಸಿ ಮಾರಿದರೆ ಅವರು ವ್ಯಾಪಾರಿಯಲ್ಲ. ಅಲ್ಲಿ ತಕರಾರು ಬಂದರೆ 1930ರ ಸರಕು ಮಾರಾಟ ಕಾಯ್ದೆ ಹಿಡಿದು ಸಿವಿಲ್ ಕೋರ್ಟಿಗೆ ಹೋಗಬೇಕಾಗುತ್ತದೆ.

2. ತಪ್ಪು ಕಲ್ಪನೆ: "ಕಂಪನಿ ವಾರಂಟಿ ಇನ್ನೂ ಎರಡು ವರ್ಷ ಇದೆ, ಕಾರ್ಡು ಇಲ್ಲೇ ಇದೆ ನೋಡಿ."

ವಾಸ್ತವ: ಕಾರ್ಡು ಕೈಗೆ ಬಂದ ಮಾತ್ರಕ್ಕೆ ವಾರಂಟಿ ಕೈಗೆ ಬರುವುದಿಲ್ಲ. ಅದರ ಹಿಂಬದಿಯ ಸಣ್ಣಕ್ಷರ ಓದಿ. ಮೊದಲು ಕೊಂಡವರಿಗಷ್ಟೇ ವಾರಂಟಿ ಎಂಬ ಷರತ್ತು ಹಲವು ಕಂಪನಿಗಳದ್ದು. ಕಂಪನಿಯ ಮೆಕ್ಯಾನಿಕ್ ಅಲ್ಲದೆ ಬೇರೆಯವರು ಬಿಚ್ಚಿದರೆ, ಜಾಗ ಬದಲಾದರೆ ಅನ್ವಯಿಸದು ಎಂಬುದೂ ಸಾಮಾನ್ಯ. ಬೆಂಗಳೂರಿನ ತಾರಸಿಯಿಂದ ಯಾರೋ ಇಳಿಸಿ ಟೆಂಪೋದಲ್ಲಿ ತಂದದ್ದಕ್ಕೆ ಆ ಕಾರ್ಡು ಬರೀ ಕಾಗದವಾಗಿರಬಹುದು. ಅವಧಿಯ ಲೆಕ್ಕವೂ ನೀವು ಕೊಂಡ ದಿನದಿಂದಲ್ಲ, ಮೊದಲ ಬಿಲ್ಲಿನ ದಿನಾಂಕದಿಂದ.

ಅನುಮಾನವಿದ್ದರೆ ದುಡ್ಡು ಕೊಡುವ ಮುಂಚೆಯೇ ಟ್ಯಾಂಕಿನ ಸೀರಿಯಲ್ ನಂಬರ್ ಹಿಡಿದು ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ಕೇಳಬೇಕಾದ್ದು ಎರಡೇ: ಈ ನಂಬರ್ ವಾರಂಟಿಯಲ್ಲಿದೆಯೇ, ಹೆಸರು ಬದಲಿಸಿ ಕೊಡುತ್ತೀರಾ? ಉತ್ತರವನ್ನು ಇಮೇಲ್ ಅಥವಾ ಮೆಸೇಜಿನಲ್ಲಿ ತರಿಸಿಕೊಳ್ಳಿ. ಇಲ್ಲ ಎಂದರೆ ಅಂಗಡಿಯವರು ಕೊಡುವ ವಾರಂಟಿಯೊಂದೇ ನಿಮ್ಮ ಆಸರೆ ಎಂದು ತಿಳಿದು ಬೆಲೆ ಮಾತಾಡಿ.

3. ತಪ್ಪು ಕಲ್ಪನೆ: "ಮಾರಿದ ಮಾಲು ವಾಪಸ್ ಇಲ್ಲ ಅಂತ ಬಿಲ್ಲಲ್ಲೇ ಅಚ್ಚು ಹಾಕಿಸಿದ್ದೀವಿ."

ವಾಸ್ತವ: ಕೆಟ್ಟ ಮಾಲನ್ನು ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಅದರೊಳಗೆ, ಬರೆದಿಲ್ಲದಿದ್ದರೆ 30 ದಿನದೊಳಗೆ ಹಣ ವಾಪಸ್ ಕೊಡಬೇಕು. ಅಚ್ಚು ಹಾಕಿಸಿದ ಒಂದು ಸಾಲು ಈ ಹೊಣೆಯನ್ನು ಅಳಿಸಿಹಾಕದು.

ಆದರೆ ಇದು ದೋಷವಿರುವ ಮಾಲಿನ ಮಾತು. ಮನೆಗೆ ಒಯ್ದ ಮೇಲೆ "ಬಣ್ಣ ಸರಿಹೋಗಲಿಲ್ಲ", "ಭಾವಮೈದ ಹೊಸದೇ ಕೊಡಿಸ್ತಾನಂತೆ" ಎಂದು ಮನಸ್ಸು ಬದಲಿಸಿದವರಿಗೆ ಈ ಹಕ್ಕಿಲ್ಲ. ಅಲ್ಲಿ ವಾಪಸ್ ತೆಗೆದುಕೊಂಡರೆ ಅದು ಅಂಗಡಿಯವರ ಒಳ್ಳೆಯತನ.

4. ತಪ್ಪು ಕಲ್ಪನೆ: "ಕಣ್ಣಾರೆ ನೋಡಿ ತಗೊಂಡಿದ್ದೀರಿ, ಅಲ್ಲಿಗೆ ಮುಗೀತು."

ವಾಸ್ತವ: ಅರ್ಧ ನಿಜ. ಸರಕು ಮಾರಾಟ ಕಾಯ್ದೆಯ ಪ್ರಕಾರ ನೋಡಿದಾಗ ಕಾಣಬೇಕಿದ್ದ ಕೊರತೆಗೆ ಕೊಂಡವರೇ ಹೊಣೆ. ನೋಡಿದರೂ ಕಾಣದ ಒಳಗಿನ ಕೊರತೆಗೆ ಆ ಮಾಲಿನ ವ್ಯಾಪಾರ ಮಾಡುವವರು ಹೊಣೆ. "ಇದ್ದದ್ದು ಇದ್ದಂಗೆ ಕೊಂಡಿದ್ದೇನೆ" ಎಂಬ ಚೀಟಿಗೆ ಸಹಿ ಹಾಕಿದರೆ ಮಾತ್ರ ಈ ರಕ್ಷಣೆಯ ಬಹುಪಾಲು ಕೈಬಿಟ್ಟುಹೋಗುತ್ತದೆ. ಗೊತ್ತಿದ್ದೂ ಮುಚ್ಚಿಟ್ಟು ಮೋಸ ಮಾಡಿದ್ದರೆ ಅದು ಬೇರೆ ಪ್ರಶ್ನೆ.

ಹಾಗಾದರೆ ಏನು ನೋಡಬೇಕು? ಟ್ಯೂಬ್ ಸೋಲಾರ್ ಆದರೆ ಒಂದೊಂದು ಗಾಜಿನ ಕೊಳವೆಯ ತುದಿಯನ್ನೂ ನೋಡಿ. ಎರಡು ಪದರದ ಗಾಜಿನ ನಡುವೆ ಗಾಳಿ ಇರಬಾರದು. ಅಲ್ಲೊಂದಿಷ್ಟು ಬೇರಿಯಂ ಲೇಪ ಕನ್ನಡಿಯಂತೆ ಬೆಳ್ಳಗೆ ಹೊಳೆಯುತ್ತಿರುತ್ತದೆ. ಒಳಗೆ ಗಾಳಿ ಹೊಕ್ಕಿದ್ದರೆ ಆ ಹೊಳಪು ಹೋಗಿ ಸುಣ್ಣ ಬಳಿದಂತೆ ಮಂಕಾಗುತ್ತದೆ. ಅಂಥ ಟ್ಯೂಬು ಒಡೆದಿಲ್ಲದಿದ್ದರೂ ಶಾಖ ಹಿಡಿದಿಡದು. ಇದು ಕಣ್ಣಿಗೆ ಕಾಣುವ ಕೊರತೆ. ಅಲ್ಲೇ ಬದಲಿಸಿ ಎನ್ನಿ, ಇಲ್ಲವೇ ಅಷ್ಟು ಬೆಲೆ ಮುರಿದುಕೊಳ್ಳಿ. ಟ್ಯೂಬು, ರಬ್ಬರ್ ರಿಂಗ್ ಬಿಡಿಯಾಗಿ ಸಿಗುತ್ತವೆ.

ಟ್ಯಾಂಕು ಹಾಗಲ್ಲ. ಹೊರಗಿನ ತಗಡಿಗೂ ಒಳಗಿನ ಟ್ಯಾಂಕಿಗೂ ನಡುವೆ ಶಾಖ ಹೊರಹೋಗದಂತೆ ಪಫ್ ಎಂಬ ಗಟ್ಟಿ ನೊರೆ ತುಂಬಿರುತ್ತಾರೆ. ಒಳಟ್ಯಾಂಕಿನ ಬೆಸುಗೆ ಸಣ್ಣಗೆ ಸೋರುತ್ತಿದ್ದರೆ ನೀರೆಲ್ಲ ಪಫ್ ಕುಡಿಯುತ್ತದೆ, ಹೊರಗೆ ಹನಿ ಕಾಣದೆ ಇರಬಹುದು. ನೀರು ಖಾಲಿ ಮಾಡಿದ ಟ್ಯಾಂಕನ್ನು ಇಬ್ಬರು ಎತ್ತಿ ನೋಡಿ. ಅದರ ಅಳತೆಗೆ ಮೀರಿ ಭಾರವಿದ್ದರೆ, ತಳದ ಜೋಡಣೆಯಲ್ಲಿ ತುಕ್ಕಿನ ಗೆರೆ ಇಳಿದಿದ್ದರೆ ಬಿಟ್ಟುಬಿಡಿ. ಇನ್ನೊಂದು ಪರೀಕ್ಷೆ ಕೂಡಿಸಿದ ಮೇಲಿನದು: ಸಂಜೆ ನೀರು ಬಳಸದೆ ಬಿಟ್ಟು ಬೆಳಗ್ಗೆ ನಲ್ಲಿ ತಿರುಗಿಸಿ. ಸುಡುತ್ತಿದ್ದದ್ದು ಉಗುರುಬೆಚ್ಚಗಾಗಿದ್ದರೆ ಪಫ್ ಕೆಟ್ಟಿರಬಹುದು. ಅಂಗಡಿಯಲ್ಲಿ ನಿಂತು ಕಂಡುಹಿಡಿಯಲಾಗದ ಇಂಥ ಕೊರತೆಗೇ ವಾರಂಟಿ ಬರೆಸಿಕೊಳ್ಳಬೇಕಾದ್ದು.

5. ತಪ್ಪು ಕಲ್ಪನೆ: "ನೀರು ಯಾವುದಾದ್ರೇನು, ಸೋಲಾರ್ ಸೋಲಾರೇ."

ವಾಸ್ತವ: ತುಮಕೂರು ಜಿಲ್ಲೆಯಲ್ಲಿ ದುಬಾರಿಯಾಗುವ ತಪ್ಪು ಇದೇ. ಗೊರೂರಿನ ಜಲಾಶಯದಿಂದ ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ತುಂಬುವ ಹೇಮಾವತಿ ನೀರು ನಗರದ ನಲ್ಲಿಗೆ ಬರುತ್ತದೆ. ನಲ್ಲಿ ನೀರು ಸಾಲದ ಬಡಾವಣೆಗಳಲ್ಲಿ, ಹಳ್ಳಿ ಮನೆಗಳಲ್ಲಿ ಬೋರ್‌ವೆಲ್ಲೇ ಗತಿ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಗಡಸು ನೀರು ಕಾದಾಗ ಸುಣ್ಣದ ಅಂಶ ಗಟ್ಟಿಯಾಗಿ ಕೊಳವೆಗೆ ಅಂಟುತ್ತದೆ.

ಗಾಜಿನ ಹಲಗೆಯಂಥ ಹಳೇ ಮಾದರಿಯಲ್ಲಿ ಒಳಗಿರುವುದು ಸಣ್ಣ ತಾಮ್ರದ ಕೊಳವೆ. ಕಾದ ನೀರು ಹಗುರವಾಗಿ ತಾನೇ ಮೇಲಿನ ಟ್ಯಾಂಕಿಗೆ ಏರಬೇಕು, ತಣ್ಣೀರು ಕೆಳಗಿಳಿಯಬೇಕು. ಸುಣ್ಣ ಕಟ್ಟಿದರೆ ಈ ಓಡಾಟವೇ ನಿಲ್ಲುತ್ತದೆ; ಹಲಗೆ ಸುಡುತ್ತಿರುತ್ತದೆ, ಟ್ಯಾಂಕಿನ ನೀರು ತಣ್ಣಗಿರುತ್ತದೆ. ಬೋರ್ ನೀರಿನ ಮನೆಗೆ ಈ ಮಾದರಿ ಹೊಂದದು. ಗಾಜಿನ ಟ್ಯೂಬು ಅಗಲವಿರುವುದರಿಂದ ಇನ್ನಷ್ಟು ದಿನ ತಾಳುತ್ತದೆ, ಬಿಚ್ಚಿ ತೊಳೆಯಲೂ ಬರುತ್ತದೆ. ಸುಣ್ಣ ಕಟ್ಟಿ ಕೆಟ್ಟದ್ದನ್ನು ವಾರಂಟಿಯಿಂದ ಹೊರಗಿಡುವುದು ಹೊಸ ಮಾಲಿನಲ್ಲೇ ರೂಢಿ. ಆದ್ದರಿಂದ "ನಮ್ಮದು ಬೋರ್ ನೀರು, ಇದು ನಡೆಯುತ್ತಾ?" ಎಂದು ಮೊದಲೇ ಕೇಳಿ. ಯಾವ ಕೆಲಸಕ್ಕೆ ಬೇಕೆಂದು ತಿಳಿಸಿ, ವ್ಯಾಪಾರಿಯ ತಿಳಿವಳಿಕೆ ನಂಬಿ ಕೊಂಡರೆ, ಮಾಲು ಆ ಕೆಲಸಕ್ಕೆ ತಕ್ಕದ್ದಾಗಿರಬೇಕು ಎಂಬುದೂ ಸರಕು ಮಾರಾಟ ಕಾಯ್ದೆಯ ನಿಯಮವೇ. ಕೇಳದೆ ಕೊಂಡವರಿಗೆ ಈ ವಾದ ಸಿಗದು.

6. ತಪ್ಪು ಕಲ್ಪನೆ: "ವಾಪಸ್ ಬೇಕಂದ್ರೆ ನೀವೇ ಇಳಿಸಿ ಅಂಗಡಿಗೆ ತಂದುಕೊಡಿ."

ವಾಸ್ತವ: ಮಿಕ್ಸಿಯಾದರೆ ಕೈಚೀಲದಲ್ಲಿ ಒಯ್ಯಬಹುದು. ಎರಡನೇ ಮಹಡಿಯ ಮೇಲೆ ಕೂತ 200 ಲೀಟರ್ ಸೋಲಾರನ್ನು ಕುಣಿಗಲ್‌ನಿಂದ ತುಮಕೂರಿಗೆ ಸಾಗಿಸುವ ಖರ್ಚು ಯಾರದು? ಸರಕು ಮಾರಾಟ ಕಾಯ್ದೆಯ 43ನೇ ಸೆಕ್ಷನ್ ಇದಕ್ಕೆ ನೇರ ಉತ್ತರ ಕೊಡುತ್ತದೆ: ನಿರಾಕರಿಸುವ ಹಕ್ಕಿರುವ ಕೊಳ್ಳುಗರು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲನ್ನು ಹಿಂದಕ್ಕೆ ಸಾಗಿಸಬೇಕಿಲ್ಲ. "ಇದು ಬೇಡ" ಎಂದು ಮಾರಿದವರಿಗೆ ತಿಳಿಸಿದರೆ ಸಾಕು.

ಆದರೆ ಬೇಗ ತಿಳಿಸಬೇಕು. ದೋಷ ಗೊತ್ತಾದ ಮೇಲೂ ಸುಮ್ಮನೆ ಬಳಸುತ್ತಾ ತಿಂಗಳುಗಟ್ಟಲೆ ಇಟ್ಟುಕೊಂಡರೆ ಒಪ್ಪಿಕೊಂಡಂತೆಯೇ ಲೆಕ್ಕ. ಸೋರಿದ ದಿನವೇ ವಿಡಿಯೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿ, ಜೊತೆಗೆ ಒಂದು ಸಾಲು ಬರೆಯಿರಿ. ಬರೀ ಫೋನಿನಲ್ಲಿ ಜಗಳವಾಡಿದ್ದು ದಾಖಲೆಯಾಗದು.

ಫಿಟ್ಟಿಂಗ್ ಯಾರದೆಂಬುದೂ ಇಲ್ಲಿಗೇ ಸೇರುತ್ತದೆ. ಟ್ಯಾಂಕಿನ ಗಾಳಿಪೈಪನ್ನು ಮುಚ್ಚಿದರೆ ಟ್ಯಾಂಕು ಒಳಕ್ಕೆ ನಜ್ಜಾಗಬಹುದು. ಮಧ್ಯಾಹ್ನದ ಬಿಸಿಲಿಗೆ ಕಾದು ನಿಂತ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ. ನೀರು ತುಂಬಿಸಬೇಕಾದ್ದು ಬೆಳಗಿನ ಜಾವದಲ್ಲಿ. ನಿಮ್ಮ ಪ್ಲಂಬರ್ ಹೀಗೆ ಮಾಡಿದರೆ ಅಂಗಡಿಯವರನ್ನು ಹಿಡಿಯಲಾಗದು. ಮಾರಿದವರೇ ಕೂಡಿಸಿಕೊಟ್ಟರೆ ಎರಡೂ ಹೊಣೆ ಒಂದೇ ಕಡೆ ಇರುತ್ತದೆ. ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

7. ತಪ್ಪು ಕಲ್ಪನೆ: "ಬಿಲ್ ಬೇಕಂದ್ರೆ ಜಿಎಸ್‌ಟಿ ಬೀಳುತ್ತೆ, ಬಿಲ್ ಇಲ್ದೆ ಕಮ್ಮಿ ಮಾಡ್ಕೊಡ್ತೀನಿ."

ವಾಸ್ತವ: ಬಳಸಿದ ಮಾಲಿನ ವ್ಯಾಪಾರಿಗಳಿಗೆ ಜಿಎಸ್‌ಟಿಯಲ್ಲಿ ಬೇರೆಯೇ ದಾರಿಯಿದೆ. ಮಾಲು ಕೊಂಡಾಗ ಕಟ್ಟಿದ ತೆರಿಗೆಗೆ ಕ್ರೆಡಿಟ್ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆಯದಿದ್ದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲಷ್ಟೇ ತೆರಿಗೆ. ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟದ ಸಣ್ಣ ಅಂಗಡಿಗೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ. ಅವರು ಸಾದಾ ರಸೀದಿ ಕೊಡಬಹುದು. ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದು. ಫೋನ್‌ಪೇ ಮಾಡಿದ್ದರೆ ದುಡ್ಡು ಹೋದದ್ದಕ್ಕೆ ಸಾಕ್ಷಿ ಇರುತ್ತದೆ, ಏನು ಕೊಂಡಿರಿ ಎಂಬುದಕ್ಕೆ ಇರುವುದಿಲ್ಲ.

ಬಿಲ್ಲಿಗೆ ಇನ್ನೊಂದು ಕಾರಣವೂ ಇದೆ. ಮೋಟರು, ಕೇಬಲ್ ಕಳುವಿನ ಕಷ್ಟ ನಮ್ಮ ರೈತರಿಗೆ ಗೊತ್ತು. ಕದ್ದ ಮಾಲನ್ನು ಎಷ್ಟು ದುಡ್ಡು ಕೊಟ್ಟು ಕೊಂಡರೂ ಸಾಮಾನ್ಯವಾಗಿ ಅದು ನಿಮ್ಮದಾಗದು. ಕದ್ದದ್ದೆಂದು ಗೊತ್ತಿದ್ದು ಕೊಂಡರೆ ಅಪರಾಧವೂ ಹೌದು. ಸೀರಿಯಲ್ ನಂಬರ್ ಕೆರೆದು ಅಳಿಸಿದ್ದರೆ ಬೆಲೆ ಕೇಳುವ ಗೋಜಿಗೂ ಹೋಗಬೇಡಿ.

8. ತಪ್ಪು ಕಲ್ಪನೆ: "ಕೋರ್ಟು ಅಂತ ಹೋದ್ರೆ ವಕೀಲರ ಫೀಸೇ ಸೋಲಾರ್‌ಗಿಂತ ಜಾಸ್ತಿ."

ವಾಸ್ತವ: ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ತುಮಕೂರಿನಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗವಿದೆ. ಕೊಟ್ಟ ಹಣ 50 ಲಕ್ಷ ರೂಪಾಯಿವರೆಗಿನ ದೂರುಗಳು ಜಿಲ್ಲಾ ಆಯೋಗಕ್ಕೆ ಬರುತ್ತವೆ, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. ಮಾಲು ಬೆಂಗಳೂರಿನ ಅಂಗಡಿಯದ್ದಾದರೂ ಗುಬ್ಬಿಯವರು ತುಮಕೂರಿನಲ್ಲೇ ದೂರು ಕೊಡಬಹುದು. ದೂರುದಾರರು ವಾಸಿಸುವ ಜಿಲ್ಲೆಯಲ್ಲಿ ದೂರು ಸಲ್ಲಿಸಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ಆದಷ್ಟೂ 3 ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆ ಹೇಳುತ್ತದೆ, ಅದಕ್ಕಿಂತ ತಡವಾಗುವುದುಂಟು. ರಾಜಿಗೆ ಒಪ್ಪುವವರಿಗೆ ಮಧ್ಯಸ್ಥಿಕೆಯ ದಾರಿಯೂ ಇದೆ.

ಆಯೋಗ ಕೇಳುವ ಮೊದಲ ಪ್ರಶ್ನೆ ಕಾಗದದ್ದು. ಹೊಸ ಮಾಲಿನ ವಾರಂಟಿ ಡಬ್ಬದ ಜೊತೆಗೇ ಬರುತ್ತದೆ. ಹಳೆಯದರಲ್ಲಿ ಅದನ್ನು ನಾವೇ ಮಾತಾಡಿ ಬರೆಸಿಕೊಳ್ಳಬೇಕು. ಉದ್ದದ ಕರಾರುಪತ್ರ ಬೇಡ. ಬಿಲ್ಲಿನ ಮೇಲೆ ಇಷ್ಟಿದ್ದರೆ ಆಯಿತು:

"ಬಳಸಿದ 200 ಲೀಟರ್ ಟ್ಯೂಬ್ ಸೋಲಾರ್, ಟ್ಯಾಂಕ್ ಸೀರಿಯಲ್ ನಂಬರ್ ಇಂಥದ್ದು. ಬೋರ್ ನೀರಿಗೆಂದು ಕೊಟ್ಟಿದೆ. ಫಿಟ್ಟಿಂಗ್ ನಮ್ಮದು. ಕೂಡಿಸಿದ ದಿನದಿಂದ 90 ದಿನದೊಳಗೆ ಟ್ಯಾಂಕ್ ಸೋರಿದರೆ ಅಥವಾ ರಾತ್ರಿ ಶಾಖ ನಿಲ್ಲದಿದ್ದರೆ ಬದಲಿ ಟ್ಯಾಂಕ್, ಇಲ್ಲವೇ ಪೂರ್ತಿ ಹಣ ವಾಪಸ್. ಇಳಿಸಿ ಸಾಗಿಸುವ ಖರ್ಚು ನಮ್ಮದು. ಟ್ಯೂಬ್ ಒಡೆದರೆ ಗ್ರಾಹಕರದು. ದಿನಾಂಕ, ಬೆಲೆ, ಸಹಿ, ಮೊಹರು."

90 ದಿನ ಎಂಬುದು ಕಾನೂನಿನ ಅಂಕಿಯಲ್ಲ. ಅದು ಚೌಕಾಸಿಯ ವಿಷಯ. ಬೆಲೆಯ ಮೇಲೆ ಐನೂರು ರೂಪಾಯಿ ಇಳಿಸಲು ಮಾಡುವ ವಾದವನ್ನು ಈ ದಿನಗಳನ್ನು ಏರಿಸಲು ಮಾಡಿದರೆ ಹೆಚ್ಚು ಲಾಭ. ತಾನು ಮಾರುವ ಟ್ಯಾಂಕಿನ ಮೇಲೆ ಭರವಸೆಯಿರುವ ವ್ಯಾಪಾರಿ ಸಹಿ ಹಾಕಲು ಹಿಂಜರಿಯುವುದಿಲ್ಲ. "ಅಣ್ಣ, ಬಾಯಿಮಾತು ಸಾಕಲ್ವಾ, ನಾವೇನ್ ಊರು ಬಿಟ್ಟೋಗ್ತೀವಾ" ಎಂದರೆ ಗುಜರಿ ಬೆಲೆಗೆ ಕೇಳಿ, ಇಲ್ಲವೇ ಮುಂದಿನ ಅಂಗಡಿ ನೋಡಿ.