ಮದೀರಾ ದ್ವೀಪಕ್ಕೆ ಪ್ರವಾಸ: ಲೆಕ್ಕ ಹಾಕುವುದು ಹೇಗೆ?

ಅಟ್ಲಾಂಟಿಕ್ ಮಹಾಸಾಗರದಲ್ಲಿ ಮದೀರಾ ಎಂಬ ದ್ವೀಪವಿದೆ. ಅದು ಪೋರ್ಚುಗಲ್ ದೇಶಕ್ಕೆ ಸೇರಿದ್ದು, ಆದರೆ ಭೂಪಟದಲ್ಲಿ ಮೊರಾಕ್ಕೊಗೆ ಹತ್ತಿರ. ಉದ್ದ ಸುಮಾರು 57 ಕಿ.ಮೀ., ಅಗಲ ಸುಮಾರು 22 ಕಿ.ಮೀ. ವಿಸ್ತೀರ್ಣ ಹೆಚ್ಚು ಕಡಿಮೆ ಬೆಂಗಳೂರು ನಗರದಷ್ಟು. ಇಷ್ಟು ಚಿಕ್ಕ ಜಾಗ ನೋಡಲು ಎರಡು ದಿನ ಸಾಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಇದರ ನಡುವೆ 1,862 ಮೀಟರ್ ಎತ್ತರದ ಪೀಕೊ ರುಯಿವೊ ಶಿಖರವಿದೆ. ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು ಎತ್ತರ, ಆದರೆ ಅದು ಸಮುದ್ರದಿಂದ ಬಹಳ ದೂರದಲ್ಲಿದೆ. ಮದೀರಾದಲ್ಲಿ ಬೆಟ್ಟ ಸಮುದ್ರದಿಂದಲೇ ಎದ್ದು ನಿಂತಿದೆ. ಆದ್ದರಿಂದ ಇಲ್ಲಿ ಪ್ರವಾಸ ಯೋಜಿಸುವವರು ಕಿಲೋಮೀಟರ್ ಲೆಕ್ಕಕ್ಕಿಂತ ಮೊದಲು ಎತ್ತರ, ಗಾಳಿ ಮತ್ತು ಮಳೆಯ ಲೆಕ್ಕ ಹಾಕಬೇಕು.

ನಮ್ಮ ಚಾಚಾ, ಅಂದರೆ ಚಿಕ್ಕಪ್ಪ, ಇಂಗ್ಲೆಂಡಿನಲ್ಲಿದ್ದಾರೆ. ದಾದಿಯನ್ನು ಅಲ್ಲಿಗೆ ಕರೆಸಿಕೊಂಡು, ಎಲ್ಲರೂ ಸೇರಿ ಒಂದು ವಾರ ಮದೀರಾಕ್ಕೆ ಹೋಗುವ ಯೋಚನೆ ಅವರದು. (ಕನ್ನಡದಲ್ಲಿ ದಾದಿ ಎಂದರೆ ನರ್ಸ್. ನಮ್ಮ ಮನೆಯ ಉರ್ದುವಿನಲ್ಲಿ ದಾದಿ ಎಂದರೆ ಅಪ್ಪನ ತಾಯಿ.) ನಾನು ಕಾಮರ್ಸ್ ಓದುತ್ತಿರುವುದರಿಂದ ಲೆಕ್ಕ ಹಾಕುವ ಕೆಲಸ ನನಗೆ ಬಂತು. ದಾದಿಗೆ 71 ವರ್ಷ, ಎರಡೂ ಮಂಡಿ ನೋವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ನನ್ನನ್ನು ಹೋಟೆಲ್ ಕೋಣೆಯಲ್ಲಿ ಕೂರಿಸಿ ನೀವೆಲ್ಲ ಬೆಟ್ಟ ನೋಡಲು ಹೋಗುತ್ತೀರಾ?" ಚಾಚಾ ಕೂಡಿಟ್ಟ ಹಣ ಪೋಲಾಗಬಾರದು, ದಾದಿ ಕೋಣೆಯಲ್ಲಿ ಉಳಿಯಬಾರದು. ಈ ಎರಡನ್ನೂ ಇಟ್ಟುಕೊಂಡು ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ವೀಸಾ

ಪೋರ್ಚುಗಲ್ ಷೆಂಗೆನ್ ಒಪ್ಪಂದದ ದೇಶ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಬ್ರಿಟನ್ ವೀಸಾ ಇದ್ದರೂ ಇದು ಬೇರೆಯಾಗಿಯೇ ಬೇಕು. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಿರಬೇಕು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ. ಅರ್ಜಿ ತಿರಸ್ಕೃತವಾದರೆ ಈ ಹಣ ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಷೆಂಗೆನ್ ದೇಶದಿಂದ ಹೊರಡುವ ದಿನದ ನಂತರವೂ ಪಾಸ್‌ಪೋರ್ಟ್‌ಗೆ 3 ತಿಂಗಳ ಅವಧಿ ಉಳಿದಿರಬೇಕು. ದಾದಿ ಮದೀರಾದಿಂದ ಮತ್ತೆ ಇಂಗ್ಲೆಂಡಿಗೆ ಮರಳುವುದರಿಂದ, ಅವರ ಬ್ರಿಟನ್ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವಂಥದ್ದಾಗಿರಬೇಕು. ಇದನ್ನು ಮರೆತರೆ ಉಳಿದ ಎಲ್ಲ ಲೆಕ್ಕವೂ ವ್ಯರ್ಥ.

ವಿಮಾನ ಮತ್ತು ಗಾಳಿ

ಮದೀರಾದಲ್ಲಿ ಸಮತಟ್ಟಾದ ನೆಲ ಬಹಳ ಕಡಿಮೆ. 1964ರಲ್ಲಿ ವಿಮಾನ ನಿಲ್ದಾಣ ಆರಂಭವಾದಾಗ ರನ್‌ವೇ ಸುಮಾರು 1,600 ಮೀಟರ್ ಮಾತ್ರ ಇತ್ತು. 1977ರ ನವೆಂಬರ್‌ನಲ್ಲಿ ಮಳೆಯ ರಾತ್ರಿ ಇಳಿಯುತ್ತಿದ್ದ ವಿಮಾನ ರನ್‌ವೇ ದಾಟಿ ಬಿದ್ದು 131 ಜನ ಸತ್ತರು. ನಂತರ ರನ್‌ವೇಯನ್ನು ಹಂತ ಹಂತವಾಗಿ ಉದ್ದ ಮಾಡಿದರು. 2000ರಲ್ಲಿ ಅದು 2,781 ಮೀಟರ್ ಆಯಿತು. ನೆಲ ಇಲ್ಲದ ಕಡೆ 180 ಕಂಬಗಳ ಮೇಲೆ ಸೇತುವೆಯಂತೆ ಅದನ್ನು ಕಟ್ಟಿದ್ದಾರೆ. ಫುಟ್‌ಬಾಲ್ ಪ್ರಿಯರಿಗೆ ಒಂದು ವಿಷಯ: 2017ರಿಂದ ಈ ನಿಲ್ದಾಣಕ್ಕೆ ಕ್ರಿಸ್ಟಿಯಾನೊ ರೊನಾಲ್ಡೊ ಹೆಸರಿದೆ. ಅವರು ಹುಟ್ಟಿದ್ದು ಇಲ್ಲಿನ ರಾಜಧಾನಿ ಫುಂಶಾಲ್‌ನಲ್ಲಿ.

ರನ್‌ವೇ ಉದ್ದವಾದರೂ ಗಾಳಿ ಬದಲಾಗಲಿಲ್ಲ. ಬೆಟ್ಟಕ್ಕೆ ಬಡಿದು ಸುಳಿಯುವ ಗಾಳಿಯಿಂದಾಗಿ ಇಲ್ಲಿ ಇಳಿಯಲು ಪೈಲಟ್‌ಗಳಿಗೆ ವಿಶೇಷ ತರಬೇತಿ ಬೇಕು. ಗಾಳಿ ಮಿತಿ ಮೀರಿದರೆ ವಿಮಾನ ಪಕ್ಕದ ಪೋರ್ಟೊ ಸಾಂಟೊ ದ್ವೀಪಕ್ಕೋ, ಕ್ಯಾನರಿ ದ್ವೀಪಗಳಿಗೋ, ಲಿಸ್ಬನ್‌ಗೋ ತಿರುಗುತ್ತದೆ. ಹೊರಡುವ ವಿಮಾನವೂ ತಡವಾಗಬಹುದು. ಯುರೋಪಿನ 261/2004 ನಿಯಮದ ಪ್ರಕಾರ, ಮದೀರಾದಿಂದ ಹೊರಡುವ ವಿಮಾನ ರದ್ದಾಗಿ ಕಾಯಬೇಕಾಗಿ ಬಂದರೆ ವಿಮಾನ ಕಂಪನಿ ಊಟ ಮತ್ತು ವಸತಿ ಕೊಡಬೇಕು. ಆದರೆ ಹವಾಮಾನ ಕಾರಣವಾದರೆ ನಗದು ಪರಿಹಾರ ಸಿಗುವುದಿಲ್ಲ. ಆದ್ದರಿಂದ ಮರಳುವ ದಿನದ ಮಾರನೆಯ ದಿನವೇ ಪರೀಕ್ಷೆ, ಕೆಲಸ ಅಥವಾ ಇನ್ನೊಂದು ವಿಮಾನ ಇಟ್ಟುಕೊಳ್ಳಬಾರದು. ಒಂದು ದಿನವನ್ನು ಖಾಲಿ ಬಿಡಬೇಕು.

ಯಾವ ಕಡೆ ಉಳಿಯಬೇಕು?

ಆಗುಂಬೆಯಲ್ಲಿ ಸುರಿಯುವ ಮಳೆ ಚಿತ್ರದುರ್ಗಕ್ಕೆ ಯಾಕೆ ಬರುವುದಿಲ್ಲ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಮದೀರಾದಲ್ಲೂ ಅದೇ ಕಾರಣ ಕೆಲಸ ಮಾಡುತ್ತದೆ, ದಿಕ್ಕು ಮಾತ್ರ ಬೇರೆ. ಅಲ್ಲಿ ತೇವದ ಗಾಳಿ ಈಶಾನ್ಯದಿಂದ ಬರುತ್ತದೆ. ಬೆಟ್ಟದ ಉತ್ತರ ಬದಿ ಮಳೆ ಹಿಡಿಯುತ್ತದೆ, ದಕ್ಷಿಣ ಬದಿ ಬಿಸಿಲಲ್ಲಿರುತ್ತದೆ. ಫುಂಶಾಲ್ ಇರುವುದು ದಕ್ಷಿಣದಲ್ಲಿ. ಹೆಚ್ಚಿನ ಹೋಟೆಲುಗಳೂ ಅಲ್ಲೇ ಇವೆ. ವಯಸ್ಸಾದವರು ಜೊತೆಗಿದ್ದರೆ ಫುಂಶಾಲ್‌ನಲ್ಲಿ ಉಳಿದು, ಉತ್ತರದ ಊರುಗಳನ್ನು ಹಗಲು ನೋಡಿಬರುವುದು ಒಳ್ಳೆಯದು. ಕೋಣೆ ಬುಕ್ ಮಾಡುವಾಗ ಇನ್ನೊಂದು ವಿಷಯ ನೋಡಬೇಕು. ಫುಂಶಾಲ್‌ನ ಬೀದಿಗಳು ತುಂಬಾ ಕಡಿದಾದವು. ಪೇಟೆಯಿಂದ 500 ಮೀಟರ್ ಎಂದು ಬರೆದಿದ್ದರೂ ಆ 500 ಮೀಟರ್ ಪೂರ್ತಿ ಏರು ಇರಬಹುದು.

ಬಟ್ಟೆಯ ವಿಷಯದಲ್ಲೂ ಎತ್ತರದ ಲೆಕ್ಕ ಬೇಕು. ಮೇಲೆ ಹೋದಂತೆ ಪ್ರತಿ 1,000 ಮೀಟರಿಗೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಫುಂಶಾಲ್‌ನಲ್ಲಿ 22 ಡಿಗ್ರಿ ಇದ್ದರೆ 1,818 ಮೀಟರ್ ಎತ್ತರದ ಪೀಕೊ ದೊ ಆರಿಯೇರೊದಲ್ಲಿ 11 ಡಿಗ್ರಿ ಆಸುಪಾಸು ಇರಬಹುದು, ಗಾಳಿ ಬೇರೆ. ಸ್ವೆಟರ್ ಬೇಕೇ ಬೇಕು.

ಮಂಡಿ ನೋವಿದ್ದರೂ ನೋಡಬಹುದಾದದ್ದು

ಮಳೆ ಉತ್ತರದಲ್ಲಿ, ಕಬ್ಬಿನ ಹೊಲ ದಕ್ಷಿಣದಲ್ಲಿ. ಇದಕ್ಕೆ ಪರಿಹಾರವಾಗಿ 15ನೇ ಶತಮಾನದಿಂದ ಅಲ್ಲಿನ ಜನ ಬೆಟ್ಟದ ಬದಿಯನ್ನು ಕೊರೆದು ನೀರಿನ ಕಾಲುವೆಗಳನ್ನು ಮಾಡಿದರು. ಇವಕ್ಕೆ ಲೆವಾದ ಎಂದು ಹೆಸರು. ಗುಲಾಮರ ದುಡಿಮೆಯೂ ಇದರಲ್ಲಿ ಸೇರಿದೆ. ಎಲ್ಲ ಕಾಲುವೆಗಳನ್ನು ಕೂಡಿಸಿದರೆ 2,000 ಕಿ.ಮೀ.ಗಿಂತ ಹೆಚ್ಚು. ನೀರು ನಿಧಾನವಾಗಿ ಹರಿಯಬೇಕಾದ್ದರಿಂದ ಕಾಲುವೆಯ ಇಳಿಜಾರು ಬಹಳ ಕಡಿಮೆ. ಹಾಗಾಗಿ ಪಕ್ಕದ ಕಾಲುದಾರಿಯೂ ಹೆಚ್ಚು ಕಡಿಮೆ ಸಮತಟ್ಟು. ಬೆಟ್ಟದ ದ್ವೀಪದಲ್ಲಿ ಏರಿಳಿತ ಇಲ್ಲದ ದಾರಿ ಇರುವುದು ಹೀಗೆ!

ಎಲ್ಲ ಲೆವಾದಗಳೂ ಸುಲಭ ಅಲ್ಲ. ಕೆಲವು ಕಡೆ ಒಂದು ಬದಿ ನೂರಾರು ಅಡಿ ಪ್ರಪಾತ, ಕೆಲವು ಕಡೆ ಟಾರ್ಚ್ ಬೇಕಾದ ಸುರಂಗ. ದಾದಿಗಾಗಿ ನಾನು ಆರಿಸಿದ್ದು ರಿಬೇರೊ ಫ್ರಿಯೊ ಎಂಬಲ್ಲಿಂದ ಹೊರಡುವ ಬಾಲ್ಕೋಯಿಷ್ ದಾರಿ. ಒಂದು ಕಡೆಗೆ ಸುಮಾರು 1.5 ಕಿ.ಮೀ., ಕೊನೆಯಲ್ಲಿ ಕಣಿವೆ ಮತ್ತು ಶಿಖರಗಳ ನೋಟ. 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಲಾರಿಸಿಲ್ವಾ ಕಾಡಿನ ಮರಗಳೂ ಈ ಕಡೆ ಕಾಣುತ್ತವೆ. ಪೀಕೊ ದೊ ಆರಿಯೇರೊ ಶಿಖರದವರೆಗೆ ಕಾರು ಹೋಗುತ್ತದೆ. ಎಷ್ಟೋ ಸಲ ಅಲ್ಲಿ ಮೋಡ ಕೆಳಗೆ, ನಾವು ಮೇಲೆ. ಫುಂಶಾಲ್‌ನಿಂದ ಮೇಲಿನ ಮೊಂಟೆ ಊರಿಗೆ ಕೇಬಲ್ ಕಾರ್ ಇದೆ, ಸುಮಾರು 15 ನಿಮಿಷದ ಪ್ರಯಾಣ. ಅಂದರೆ ದಾದಿ ಕೋಣೆಯಲ್ಲಿ ಕೂರಬೇಕಾಗಿಲ್ಲ.

ಊಟದ ವಿಷಯ: ಮೀನು ಧಾರಾಳ. ಎಸ್ಪಾದ ಎಂಬ ಆಳ ಸಮುದ್ರದ ಕಪ್ಪು ಮೀನನ್ನು ಅಲ್ಲಿ ಬಾಳೆಹಣ್ಣಿನ ಜೊತೆ ಬಡಿಸುತ್ತಾರೆ. ಮಾಂಸದ ಅಡುಗೆಗೆ ವೈನ್ ಹಾಕುವ ರೂಢಿ ಇರುವುದರಿಂದ ಹಲಾಲ್ ನೋಡುವವರು ಕೇಳಿ ತಿನ್ನಬೇಕು. ಅಂಥ ಒಂದು ಅಡುಗೆಯ ಹೆಸರು ವಿನ್ಯ ದಾಲ್ಯೋಷ್. ಪೋರ್ಚುಗೀಸರೊಂದಿಗೆ ಗೋವಾಕ್ಕೆ ಬಂದು ಇದೇ ಹೆಸರು ವಿಂದಾಲೂ ಆಯಿತು.

ಕೊನೆಗೆ ಲೆಕ್ಕದ ಹಾಳೆ

ನಾನು ವೆಚ್ಚವನ್ನು ಮೂರು ಭಾಗ ಮಾಡಿದೆ. ಒಂದು, ಸ್ಥಿರ ವೆಚ್ಚ: ವೀಸಾ, ವಿಮೆ, ವಿಮಾನ ಟಿಕೆಟ್. ಎರಡು, ಬದಲಾಗುವ ವೆಚ್ಚ: ಊಟ, ಕಾರು, ಕೇಬಲ್ ಕಾರ್. ಮೂರು, ಮೀಸಲು: ಗಾಳಿಯಿಂದ ಒಂದು ರಾತ್ರಿ ಹೆಚ್ಚು ಉಳಿಯಬೇಕಾದರೆ ಆಗುವ ಖರ್ಚು. ಈ ಮೂರನೆಯದನ್ನು ಸೇರಿಸಿದಾಗ ಒಟ್ಟು ಮೊತ್ತ ಕೈ ಮೀರಿದರೆ ಏಳು ದಿನವನ್ನು ಆರು ಮಾಡಬೇಕೇ ಹೊರತು ಮೀಸಲನ್ನು ತೆಗೆಯಬಾರದು.

ತರಗತಿಯಲ್ಲಿ ಓದುವ 'ಮುಳುಗಿದ ವೆಚ್ಚ' ಇಲ್ಲಿ ಬಹಳ ಮುಖ್ಯ. ಖರ್ಚಾಗಿ ಹೋದ ಹಣ ಮುಂದಿನ ನಿರ್ಧಾರವನ್ನು ಆಳಬಾರದು ಎಂಬುದೇ ಅದರ ಅರ್ಥ. ಕಾರಿಗೆ ಹಣ ಕೊಟ್ಟಾಗಿದೆ ಎಂದು ಮಳೆಯಲ್ಲಿ ಲೆವಾದ ದಾರಿಗೆ ಇಳಿಯಬಾರದು. 2010ರ ಫೆಬ್ರವರಿ 20ರಂದು ಸುರಿದ ಮಳೆಗೆ ಪ್ರವಾಹ ಮತ್ತು ಭೂಕುಸಿತವಾಗಿ 40ಕ್ಕೂ ಹೆಚ್ಚು ಜನ ಸತ್ತ ದ್ವೀಪ ಅದು. ದಾರಿ ಮುಚ್ಚಿದೆ ಎಂಬ ಫಲಕ ಕಂಡರೆ ವಾಪಸ್ ಬರಬೇಕು. ಪ್ರತಿ ಬೆಟ್ಟದ ದಿನಕ್ಕೂ ಬದಲಿಯಾಗಿ ಫುಂಶಾಲ್‌ನಲ್ಲೇ ನೋಡುವ ಒಂದು ಜಾಗವನ್ನು ಮೊದಲೇ ಬರೆದಿಟ್ಟುಕೊಂಡರೆ, ವಾಪಸ್ ಬರಲು ಮನಸ್ಸಿಗೆ ಕಷ್ಟವಾಗುವುದಿಲ್ಲ.