ಭೂತದ ಮನೆಯ ಬೆಳಕು

ಅಮೆರಿಕದ ಮಿಡ್‌ವೇ ಸಂಸ್ಥೆಯು 1972ರಲ್ಲಿ ‘ಹಾಂಟೆಡ್ ಹೌಸ್’ ಎಂಬ ಕೋವಿಯಾಟದ ಯಂತ್ರವನ್ನು ಹೊರತಂದಿತು. ಗಣಕವಾಗಲಿ ಚಿತ್ರನಳಿಕೆಯಾಗಲಿ ಅದರಲ್ಲಿಲ್ಲ. ನಾಣ್ಯ ಹಾಕಿದರೆ ಕತ್ತಲೆಯಲ್ಲಿ ಭೂತಗಳು ಹೊಳೆಯುವುವು. ಟೇಪಿನಿಂದ ಭೀಕರ ಧ್ವನಿಗಳು ಹೊರಡುವುವು.

ಈ ಹೊಳಪಿಗೆ ಕಾರಣವೇನು? ಪೆಟ್ಟಿಗೆಯೊಳಗಿನ ದೀಪವು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಬೀರುತ್ತದೆ. ಭೂತಗಳಿಗೆ ಬಳಿದ ವಿಶೇಷ ಬಣ್ಣವು ಅವನ್ನು ಹೀರಿಕೊಂಡು, ಕಾಣುವ ಬೆಳಕನ್ನು ಹೊರಸೂಸುತ್ತದೆ. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು.

ಆದರೆ ಬಣ್ಣವನ್ನು ಬೆಳಗಿಸುವ ಆ ಕಿರಣಗಳೇ ಅದರ ಅಣುಗಳನ್ನು ಕ್ರಮೇಣ ಒಡೆಯುತ್ತವೆ. ಆದುದರಿಂದಲೇ ಮೂಲಬಣ್ಣ ಮಾಸದ ಯಂತ್ರಕ್ಕೆ ಸಂಗ್ರಾಹಕರಲ್ಲಿ ಬೆಲೆ ಹೆಚ್ಚು. ಆಡದೆ ಇರಿಸಿದರೆ ಅದು ಬರಿಯ ಪೆಟ್ಟಿಗೆ. ಆಡಿದಷ್ಟೂ ಭೂತಗಳ ಆಯುಸ್ಸು ಕುಗ್ಗುವುದು. ಆಟ ಮುಗಿದೊಡನೆ ದೀಪವನ್ನು ಆರಿಸುವುದೇ ಜಾಣತನ.